ಹಿತ್ತಲ ಬಾಗಿಲಲ್ಲಿ ನಿಂತು ನೋಡಿದ ಹೊಟ್ಟೆಯ ಕಥೆ

ಬಹಳ ದಿನಗಳಿಂದ ಇತ್ತ ತಲೆ ಹಾಕಿರಲಿಲ್ಲ. ಸೋಮಾರಿತನ ಅಂತ ನೀವು ಅಂದುಕೊಂಡಿರಬಹುದು, ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಸೋಮಾರಿತನಕ್ಕೂ ಒಂದು ಮಿತಿ ಇರುತ್ತದಲ್ಲ? ಎರಡು ಮಹಡಿ ಹತ್ತಿದರೆ ಏದುಸಿರು. ರಾತ್ರಿ ಮಲಗಿದರೆ ಪಾದದಲ್ಲಿ ಇರುವೆ ಹರಿದ ಹಾಗೆ ಜುಮುಜುಮು. ಕಡೆಗೆ ಮನೆಯವರ ಕಾಟ ತಡೆಯಲಾರದೆ ಡಾಕ್ಟರ ಹತ್ತಿರ ಹೋದೆ. ರಕ್ತ ಪರೀಕ್ಷೆಯ ಚೀಟಿ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಸಸ್ಯಾಹಾರಿಗಳಾ?"

ಹೌದು ಅಂದೆ.

"ಬಿ12 ಕಮ್ಮಿ ಇದೆ. ಇಂಜೆಕ್ಷನ್ ಬರೀತೀನಿ."

ನನಗೆ ಸುಮ್ಮನಿರಲು ಆಗುವುದಿಲ್ಲವಲ್ಲ. "ಸಾರ್, ಕರುಳಿನಲ್ಲಿರೋ ಬ್ಯಾಕ್ಟೀರಿಯಾಗಳೇ ವಿಟಮಿನ್ ತಯಾರು ಮಾಡುತ್ತವೆ ಅಂತ ಓದಿದ್ದೆ. ಮತ್ತೆ ನನ್ನ ಹೊಟ್ಟೆಯಲ್ಲಿರೋವು ಏನು ಮಾಡ್ತಿವೆ?" ಅಂದೆ.

ಡಾಕ್ಟರು ನಕ್ಕರು. "ಮಾಡ್ತವೆ ಕಣ್ರೀ, ಬೇಕಾದಷ್ಟು ಮಾಡ್ತವೆ. ಆದ್ರೆ ನಿಮಗೆ ಸಿಗದ ಜಾಗದಲ್ಲಿ ಕೂತು ಮಾಡ್ತವೆ."

ಇಂಜೆಕ್ಷನ್ನಿನ ನೋವು ಮರುದಿನಕ್ಕೆ ಹೋಯಿತು, ಈ ಮಾತು ಹೋಗಲಿಲ್ಲ. ಸಿಗದ ಜಾಗ ಅಂದರೆ ಯಾವುದು? ಹೊಟ್ಟೆಯ ಬ್ಯಾಕ್ಟೀರಿಯಾ ಅಂತ ಒಟ್ಟಾಗಿ ಹೇಳುತ್ತೇವಲ್ಲ, ಅವು ಎಲ್ಲ ಕಡೆಯೂ ಒಂದೇ ಥರ ಇರುವುದಿಲ್ಲವೇ? ಹುಡುಕುತ್ತಾ ಹೋದೆ. ಸಿಕ್ಕಿದ್ದು ಮುನ್ನೂರು ಚಿಲ್ಲರೆ ವರ್ಷಗಳ ಕಥೆ. ಊಟ ಮಾಡುತ್ತಾ ಓದುತ್ತಿದ್ದರೆ ದಯವಿಟ್ಟು ತಟ್ಟೆಯನ್ನೋ ಈ ಬರಹವನ್ನೋ ಪಕ್ಕಕ್ಕಿಡಿ :-)

ಕಥೆ ಶುರುವಾಗುವುದು ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ. ಲೇವನ್‌ಹುಕ್ ಹೆಸರು ನೀವೆಲ್ಲ ಶಾಲೆಯಲ್ಲಿ ಕೇಳಿದ್ದೀರಿ. ಬಟ್ಟೆ ವ್ಯಾಪಾರಿ. ತಾನೇ ತಿಕ್ಕಿ ಮಾಡಿದ ಮಸೂರದಲ್ಲಿ ಕಂಡಕಂಡದ್ದನ್ನೆಲ್ಲ ಇಟ್ಟು ನೋಡುವ ಹುಚ್ಚು. 1681ರಲ್ಲಿ ಹೊಟ್ಟೆ ಕೆಟ್ಟಾಗ ಆತ ತನ್ನದೇ ಭೇದಿಯನ್ನು ಮಸೂರದ ಕೆಳಗಿಟ್ಟ. ಅದರಲ್ಲಿ ಓಡಾಡುತ್ತಿದ್ದ ಪುಟ್ಟ ಜೀವಿಗಳನ್ನು ವರ್ಣಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. 1683ರಲ್ಲಿ ಹಲ್ಲಿನ ಸಂದಿಯ ಬಿಳಿ ಪಾಚಿಯನ್ನು ಕೆದಕಿ ನೋಡಿ ಇನ್ನೊಂದು ಪತ್ರ ಬರೆದ. ಅಲ್ಲಿಗೆ ಮುಂಬಾಗಿಲೂ ಆಯಿತು, ಹಿತ್ತಲ ಬಾಗಿಲೂ ಆಯಿತು. ನಡುವೆ ಇರುವ ಏಳೆಂಟು ಮೀಟರ್ ಮನೆಯೊಳಗೆ ಏನಿದೆ ಅಂತ ನೋಡಲು ಆತನಿಗೆ ದಾರಿ ಇರಲಿಲ್ಲ.

ಮುಂದಿನ ಇನ್ನೂರು ವರ್ಷ ಕಳೆದ ಮೇಲೂ ಪರಿಸ್ಥಿತಿ ಹೆಚ್ಚುಕಮ್ಮಿ ಅದೇ. 1885ರಲ್ಲಿ ಮ್ಯೂನಿಕ್ಕಿನ ಮಕ್ಕಳ ವೈದ್ಯ ಥಿಯೋಡೋರ್ ಎಷೆರಿಷ್ ಎಳೆಗೂಸುಗಳ ಮಲದಿಂದ ಒಂದು ಬ್ಯಾಕ್ಟೀರಿಯಾ ಬೆಳೆಸಿದ. ಅದಕ್ಕೇ ಮುಂದೆ ಅವನ ಹೆಸರು ಸೇರಿಸಿ ಎಷೆರಿಷಿಯ ಕೋಲೈ ಅಂದರು. ನೀರಿನ ಪರೀಕ್ಷೆಯ ವರದಿಯಲ್ಲಿ ಇ-ಕೋಲೈ ಅಂತ ಬರುತ್ತದಲ್ಲ, ಅದೇ. 1899ರ ಹೊತ್ತಿಗೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಹೆನ್ರಿ ಟಿಸಿಯೆ ಎದೆಹಾಲು ಕುಡಿಯುವ ಮಕ್ಕಳ ಮಲದಲ್ಲಿ ಕವಲೊಡೆದ ಬಿಫಿಡಸ್ ಅನ್ನು ಕಂಡ. ಎಲ್ಲರೂ ನಿಂತದ್ದು ಹಿತ್ತಲ ಬಾಗಿಲಲ್ಲಿ! ಹೊರಗೆ ಬಂದವರನ್ನು ಎಣಿಸಿ, ಒಳಗಿರುವವರೆಲ್ಲ ಇವರೇ ಅಂತ ತೀರ್ಮಾನಿಸಿದ ಹಾಗೆ.

ಇದರ ನಡುವೆ 1891ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಿಂದ ಒಂದು ವಿಶೇಷ ವರದಿ ಬಂತು. ಮ್ಯಾಕ್‌ಫೇಡಿಯನ್, ನೆನ್‌ಸ್ಕಿ ಮತ್ತು ನಾಡಿನ್ ಸೀಬರ್ ಎಂಬ ಮೂವರು ಬರೆದದ್ದು. ಅವರಿಗೆ ಒಬ್ಬ ರೋಗಿ ಸಿಕ್ಕಿದ್ದರು. ಸಣ್ಣಕರುಳು ಮುಗಿದು ದೊಡ್ಡಕರುಳು ಶುರುವಾಗುವ ಜಾಗದಲ್ಲಿ ಆ ರೋಗಿಯ ಹೊಟ್ಟೆಯ ಮೇಲೆ ಒಂದು ರಂಧ್ರ. ತಿಂದದ್ದು ದೊಡ್ಡಕರುಳಿಗೆ ಹೋಗದೆ ಅಲ್ಲಿಂದಲೇ ಹೊರಗೆ ಬರುತ್ತಿತ್ತು. ಆ ಬಡಜೀವಕ್ಕೆ ಅದೆಂಥ ಹಿಂಸೆಯೋ! ವಿಜ್ಞಾನಿಗಳಿಗೆ ಮಾತ್ರ ಮನೆಯ ನಡುವೆ ಕಿಟಕಿ ತೆರೆದ ಹಾಗಾಯಿತು. ಅಲ್ಲಿಂದ ಬಂದದ್ದು ಹುಳಿಯಾಗಿತ್ತು, ಅದರಲ್ಲಿ ಬ್ಯಾಕ್ಟೀರಿಯಾಗಳಿದ್ದವು, ಆದರೆ ಕೊಳೆತ ನಾತ ಇರಲಿಲ್ಲ. ಅಂದರೆ ಸಣ್ಣಕರುಳಿನಲ್ಲಿ ನಡೆಯುವುದು ಒಂದು ಕೆಲಸ, ದೊಡ್ಡಕರುಳಿನಲ್ಲಿ ನಡೆಯುವುದು ಬೇರೆಯೇ ಕೆಲಸ. ಜಾಗ ಬದಲಾದರೆ ವಾಸಿಸುವವರೂ ಅವರ ಕಸುಬೂ ಬದಲಾಗುತ್ತದೆ ಅನ್ನುವುದಕ್ಕೆ ಮನುಷ್ಯನ ಒಳಗಿಂದಲೇ ಒಳ್ಳೆಯ ಸಾಕ್ಷಿ ಸಿಕ್ಕಿತ್ತು.

ಆದರೆ ಜನ ಇದರಿಂದ ಕಲಿತ ಪಾಠ ಬೇರೆ. ಕೊಳೆಯುವುದೆಲ್ಲ ದೊಡ್ಡಕರುಳಿನಲ್ಲಿ ಅಂತಾದರೆ, ದೊಡ್ಡಕರುಳೇ ರೋಗದ ಮೂಲವಲ್ಲವೇ? ರಷ್ಯಾದಿಂದ ಪ್ಯಾರಿಸ್ಸಿಗೆ ಬಂದು ನೆಲೆಸಿದ್ದ ಮೆಚ್ನಿಕಾಫ್, 1908ರಲ್ಲಿ ನೊಬೆಲ್ ಪಡೆದವರು, ಮುಪ್ಪಿಗೆ ಕಾರಣ ದೊಡ್ಡಕರುಳಿನ ಕೊಳೆಸುವ ಬ್ಯಾಕ್ಟೀರಿಯಾಗಳು ತಯಾರಿಸುವ ವಿಷ ಅಂತ ಬರೆದರು. ಅದಕ್ಕೆ ಅವರು ಹೇಳಿದ ಮದ್ದು ಹುಳಿ ಹಾಲು, ನಮ್ಮ ಮೊಸರಿನ ಬಂಧು. ಅಲ್ಲಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಆರ್ಬತ್‌ನಾಟ್ ಲೇನ್ ಎಂಬ ಪ್ರಸಿದ್ಧ ಸರ್ಜನ್ ಇದ್ದರು. ಮಲಬದ್ಧತೆ, ಸುಸ್ತು, ತಲೆನೋವು ಅಂತ ಬಂದ ರೋಗಿಗಳ ದೊಡ್ಡಕರುಳನ್ನು ಬಳಸಿ ಅಡ್ಡದಾರಿ ಹೊಲಿದರು. ಆಮೇಲೆ ಇಡೀ ದೊಡ್ಡಕರುಳನ್ನೇ ಕತ್ತರಿಸಿ ತೆಗೆಯತೊಡಗಿದರು. ಆಂಟಿಬಯಾಟಿಕ್ ಇಲ್ಲದ ಕಾಲ. ಕೆಲವರು ಆಪರೇಷನ್ನಿನಿಂದಲೇ ಸತ್ತರು. ಬದುಕಿದ ಎಷ್ಟೋ ಜನರಿಗೆ ಜೀವನಪೂರ್ತಿ ಭೇದಿ.

ಇದನ್ನು ಓದುವಾಗ ನನಗೆ ಮೈ ಜುಮ್ಮೆಂದಿತು (ಬಿ12 ಕೊರತೆಯ ಜುಮು ಅಲ್ಲ, ಬೇರೆ). ನನ್ನದೂ ಸುಸ್ತೇ ತಾನೇ. ನೂರು ವರ್ಷ ಹಿಂದೆ ಲಂಡನ್ನಿನಲ್ಲಿ ಇದೇ ದೂರು ಹೇಳಿಕೊಂಡು ಹೋಗಿದ್ದರೆ ಇಂಜೆಕ್ಷನ್ ಬದಲು ಏನು ಸಿಗುತ್ತಿತ್ತೋ! 1913ರಲ್ಲಿ ಲಂಡನ್ನಿನ ವೈದ್ಯರ ಸಭೆಗಳಲ್ಲಿ ಈ ವಿಷಯದ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ನಿಧಾನವಾಗಿ ಈ ಸಿದ್ಧಾಂತ ಬಿದ್ದುಹೋಯಿತು. ಲೇನ್ ಕೂಡ ಕೊನೆಗೆ ಕತ್ತರಿ ಕೆಳಗಿಟ್ಟರು. 1925ರಲ್ಲಿ ನ್ಯೂ ಹೆಲ್ತ್ ಸೊಸೈಟಿ ಕಟ್ಟಿ, ತವುಡು ತೆಗೆಯದ ಧಾನ್ಯ, ಹಣ್ಣು, ತರಕಾರಿ ತಿನ್ನಿ ಅಂತ ಊರೂರಿಗೆ ಸಾರಿದರು. ತಮಾಷೆ ನೋಡಿ, ದೊಡ್ಡಕರುಳಿನ ಬ್ಯಾಕ್ಟೀರಿಯಾಗಳಿಗೆ ಅದಕ್ಕಿಂತ ಒಳ್ಳೆಯ ಊಟ ಇನ್ನೊಂದಿಲ್ಲ. 1980ರಲ್ಲಿ ರೋಡಿಗರ್ ಎಂಬ ವಿಜ್ಞಾನಿ ತೋರಿಸಿದ ಪ್ರಕಾರ ದೊಡ್ಡಕರುಳಿನ ಒಳಗೋಡೆಯ ಜೀವಕೋಶಗಳಿಗೆ ಮುಖ್ಯ ಆಹಾರ ಬ್ಯುಟಿರೇಟ್ ಎಂಬ ಆಮ್ಲ. ಅದನ್ನು ತಯಾರಿಸುವವು ನಾರನ್ನು ಹುದುಗಿಸುವ ಅಲ್ಲಿನ ಬ್ಯಾಕ್ಟೀರಿಯಾಗಳೇ. ವಿಷದ ಕಾರ್ಖಾನೆ ಅಂತ ಕತ್ತರಿಸಿ ಎಸೆದದ್ದು ಅಡುಗೆಮನೆಯಾಗಿತ್ತು.

ಇರಲಿ, ಈಗ ಕೊಟ್ಟಿಗೆಗೆ ಬರೋಣ. ಯಾಕೆಂದರೆ ಮುಂದಿನ ದಾರಿ ತೋರಿಸಿದ್ದು ದನ.

ದೊಡ್ಡಕರುಳಿನ ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಗಾಳಿಯೇ ಶತ್ರು. ಆಮ್ಲಜನಕ ತಗುಲಿದರೆ ಸಾಯುತ್ತವೆ. ಹಾಗಾಗಿ ಹಳೆಯವರು ತಟ್ಟೆಯಲ್ಲಿ ಬೆಳೆಸಿದ್ದು ಗಾಳಿಯಲ್ಲೂ ಬದುಕಬಲ್ಲ ಕೆಲವನ್ನು ಮಾತ್ರ. ಎಷೆರಿಷ್‌ನ ಕೋಲೈ ಪ್ರಸಿದ್ಧವಾದದ್ದು ಹೀಗೆ. ಆರೋಗ್ಯವಂತರ ದೊಡ್ಡಕರುಳಿನಲ್ಲಿ ಅದರ ಪಾಲು ಸಾಮಾನ್ಯವಾಗಿ ನೂರಕ್ಕೆ ಒಂದೂ ಇರುವುದಿಲ್ಲ. ಅಮೆರಿಕದ ರಾಬರ್ಟ್ ಹಂಗೇಟ್ ಗೆದ್ದಲಿನ ಹೊಟ್ಟೆ, ದನದ ಹೊಟ್ಟೆ ಅಂತ ಹಿಡಿದು, ಗಾಳಿಯನ್ನು ಪೂರ್ತಿ ಹೊರಗಿಟ್ಟು ಕೊಳವೆಯ ಒಳಗೋಡೆಗೆ ಅಂಟಿದ ತೆಳು ಪದರದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ವಿಧಾನ ರೂಪಿಸಿದರು. 1950ರಲ್ಲಿ ಅದನ್ನು ವಿವರವಾಗಿ ಬರೆದರು. ಅಲ್ಲಿಂದ ಈಚೆಗೆ ಕರುಳಿನ ನಿಜವಾದ ನಿವಾಸಿಗಳು ಒಬ್ಬೊಬ್ಬರಾಗಿ ಕಾಣತೊಡಗಿದರು.

ಆಮೇಲೆ ಬಂದವರು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ರೆನೆ ದ್ಯುಬೋ, ರಸೆಲ್ ಶೆಡ್ಲರ್ ಮತ್ತು ಡ್ವೇನ್ ಸಾವೇಜ್. ಇಲಿಯ ಹೊಟ್ಟೆ ಮತ್ತು ಕರುಳನ್ನು ಒಳಗಿನ ವಸ್ತುವಿನ ಸಮೇತ ಹೆಪ್ಪುಗಟ್ಟಿಸಿ ತೆಳ್ಳಗೆ ಸೀಳಿ, ಬಣ್ಣ ಹಾಕಿ ನೋಡಿದರು. 1968ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ನಕ್ಷೆ ಸ್ಪಷ್ಟವಾಗಿತ್ತು. ಜಠರದ ಒಂದು ಭಾಗದ ಗೋಡೆಗೆ ಲ್ಯಾಕ್ಟೋಬ್ಯಾಸಿಲಸ್ ಅಂಟಿಕೊಂಡಿದೆ, ಪಕ್ಕದ ಭಾಗದಲ್ಲಿ ಯೀಸ್ಟ್ ಇದೆ, ದೊಡ್ಡಕರುಳಿನ ಲೋಳೆಯಲ್ಲಿ ಕದಿರಿನಾಕಾರದ ಬ್ಯಾಕ್ಟೀರಿಯಾಗಳು ತುಂಬಿವೆ. ನಮ್ಮ ಹಳೆಯ ಊರುಗಳ ಕೇರಿಗಳ ಹಾಗೆ ಅವರವರ ಜಾಗ ಅವರವರಿಗೆ.

ಮನುಷ್ಯನ ಕರುಳಿನ ಲೆಕ್ಕವನ್ನೂ ಇಲ್ಲಿ ಹೇಳಿಬಿಡುತ್ತೇನೆ. ಜಠರದಲ್ಲಿ ಒಂದು ಮಿಲಿಲೀಟರಿಗೆ ಸಾಮಾನ್ಯವಾಗಿ ಸಾವಿರದೊಳಗೆ, ಯಾಕೆಂದರೆ ಅಲ್ಲಿ ಆಮ್ಲ. ಸಣ್ಣಕರುಳಿನ ಶುರುವಿನಲ್ಲಿ ಸಾವಿರದಿಂದ ಹತ್ತು ಸಾವಿರ. ಅಲ್ಲಿ ಸೋಪಿನಂತೆ ಕೊಬ್ಬನ್ನು ಕರಗಿಸುವ ಪಿತ್ತರಸ ಇದೆ, ಅದು ಬ್ಯಾಕ್ಟೀರಿಯಾದ ಹೊರಪದರಕ್ಕೂ ಏಟು ಕೊಡುತ್ತದೆ. ಜೊತೆಗೆ ಎಲ್ಲವೂ ವೇಗವಾಗಿ ಹರಿಯುತ್ತದೆ, ಕಾಲೂರಲು ಸಮಯವಿಲ್ಲ. ಸ್ವಲ್ಪ ಆಮ್ಲಜನಕವೂ ಇರುವುದರಿಂದ ಸ್ಟ್ರೆಪ್ಟೋಕಾಕಸ್, ಲ್ಯಾಕ್ಟೋಬ್ಯಾಸಿಲಸ್ ಥರದವು ಬದುಕುತ್ತವೆ. ಕೆಳಗೆ ಹೋದಂತೆ ಹರಿವು ನಿಧಾನ, ಪಿತ್ತ ಮರಳಿ ಹೀರಲ್ಪಡುತ್ತದೆ, ಗಾಳಿ ಕಡಿಮೆ. ಸಣ್ಣಕರುಳಿನ ಕೊನೆಯಲ್ಲಿ ಮಿಲಿಲೀಟರಿಗೆ ಕೋಟಿಯಿಂದ ಹತ್ತು ಕೋಟಿ. ಅಲ್ಲಿಂದ ಕವಾಟ ದಾಟಿ ದೊಡ್ಡಕರುಳಿಗೆ ಬಿದ್ದಿರೋ, ಒಂದು ಗ್ರಾಮಿಗೆ ಹತ್ತು ಸಾವಿರ ಕೋಟಿ! ದೊಡ್ಡಕರುಳಿನ ಒಳಗೂ ಭೇದವಿದೆ. ಬಲಭಾಗಕ್ಕೆ ತಾಜಾ ನಾರು ಸಿಗುತ್ತದೆ, ಅಲ್ಲಿ ಹುದುಗು ಜೋರು, ಹುಳಿ ಜಾಸ್ತಿ. ಎಡಭಾಗಕ್ಕೆ ಬರುವಷ್ಟರಲ್ಲಿ ನಾರು ಖರ್ಚಾಗಿ, ಉಳಿದ ಪ್ರೋಟೀನನ್ನು ಕೊಳೆಸುವ ಕೆಲಸ ಹೆಚ್ಚು.

ಈಗ ನನ್ನ ಪಾದದ ಜುಮುಜುಮುಗೆ ಬರೋಣ. ಬಿ12 ಅನ್ನು ಗಿಡವೂ ಮಾಡುವುದಿಲ್ಲ, ಪ್ರಾಣಿಯೂ ಮಾಡುವುದಿಲ್ಲ. ಮಾಡುವುದು ಬ್ಯಾಕ್ಟೀರಿಯಾ ಮತ್ತು ಅವುಗಳ ಹತ್ತಿರದ ಸೂಕ್ಷ್ಮಜೀವಿಗಳು ಮಾತ್ರ. ನಮ್ಮ ಮೈ ಅದನ್ನು ಹೀರಿಕೊಳ್ಳುವುದು ಸಣ್ಣಕರುಳಿನ ಕೊನೆಯ ಭಾಗದಲ್ಲಿ. ಬ್ಯಾಕ್ಟೀರಿಯಾಗಳು ಗಿಜಿಗುಡುತ್ತಾ ಬಿ12 ಮಾಡುವುದು ಅದರ ಮುಂದಿನ ದೊಡ್ಡಕರುಳಿನಲ್ಲಿ. ನೀರು ಕೆಳಕ್ಕೆ ಹರಿಯುತ್ತದೆ, ಹಿಂದಕ್ಕೆ ಬರುವುದಿಲ್ಲ. ಸರಕು ತಯಾರಾಗುವುದು ಸಂತೆ ದಾಟಿದ ಮೇಲೆ. ಹಾಗಾಗಿ ಅಷ್ಟೂ ಬಿ12 ನಮ್ಮೊಳಗೇ ಹುಟ್ಟಿ, ನಮಗೆ ದಕ್ಕದೆ ಹೊರಗೆ ಹೋಗುತ್ತದೆ.

ದನದ ಹೊಟ್ಟೆಯಲ್ಲಿ ಇದು ಉಲ್ಟಾ. ಅದರ ಬ್ಯಾಕ್ಟೀರಿಯಾಗಳ ದೊಡ್ಡ ತೊಟ್ಟಿ ಇರುವುದು ಮುಂದೆ, ಮೊದಲ ಹೊಟ್ಟೆಯಲ್ಲಿ. ಅಲ್ಲಿ ಹುಲ್ಲು ಹುದುಗಿ ಬಿ12 ಆಗುತ್ತದೆ, ಆಮೇಲೆ ಸಣ್ಣಕರುಳಿಗೆ ಬಂದು ಮೈಗೆ ಹತ್ತುತ್ತದೆ, ಹಾಲಿಗೂ ಇಳಿಯುತ್ತದೆ. ಚಿಕ್ಕವನಿದ್ದಾಗ ಕೊಟ್ಟಿಗೆಯಲ್ಲಿ ಗೌರಿ ಅರ್ಧ ಕಣ್ಣು ಮುಚ್ಚಿ ಮೆಲುಕು ಹಾಕುತ್ತಾ ಮಲಗಿರುವುದನ್ನು ಗಂಟೆಗಟ್ಟಲೆ ನೋಡುತ್ತಿದ್ದೆ. ಅವಳು ಬರೀ ಹುಲ್ಲು ತಿಂದು ಪಡೆಯುತ್ತಿದ್ದ ವಿಟಮಿನ್ನಿಗೆ ನಾನೀಗ ದುಡ್ಡು ಕೊಟ್ಟು ಸೂಜಿ ಚುಚ್ಚಿಸಿಕೊಳ್ಳುತ್ತಿದ್ದೇನೆ. ಇನ್ನು ಮೊಲದ್ದು ನಮ್ಮಂತೆಯೇ ಹಿಂದಿನ ತೊಟ್ಟಿ. ಅದು ತನ್ನ ಮೆತ್ತನೆಯ ಹಿಕ್ಕೆಯನ್ನೇ ಮತ್ತೆ ತಿಂದು ಲೆಕ್ಕ ಸರಿಮಾಡಿಕೊಳ್ಳುತ್ತದೆ. ಆ ಉಪಾಯ ನಮಗೆ ಬೇಡ ಬಿಡಿ :-)

ಹಾಗಾದರೆ ಮನುಷ್ಯನ ಸಣ್ಣಕರುಳಿನಲ್ಲಿ ಬಿ12 ಮಾಡುವವರು ಯಾರೂ ಇಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ನಮ್ಮ ಪಕ್ಕದಲ್ಲೇ, ವೆಲ್ಲೂರಿನಲ್ಲಿ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸೆಲ್ವಿನ್ ಬೇಕರ್, ವಿ. ಐ. ಮಥನ್ ಮತ್ತು ಸಂಗಡಿಗರು ಟ್ರಾಪಿಕಲ್ ಸ್ಪ್ರೂ ಎಂಬ ರೋಗದ ಹಿಂದೆ ಬಿದ್ದಿದ್ದರು. ತಿಂದದ್ದು ಮೈಗೆ ಹತ್ತದೆ ಭೇದಿಯಾಗಿ ಹೋಗಿ, ಮನುಷ್ಯ ಕಡ್ಡಿಯಾಗುವ ಕಾಯಿಲೆ. ಅವರ ಗುಂಪು ರೋಗಿಗಳ ಜೊತೆ ಆರೋಗ್ಯವಂತರ ಕರುಳನ್ನೂ ಮೇಲಿಂದ ಕೆಳಗಿನವರೆಗೆ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿತು. ಪಾಶ್ಚಾತ್ಯರಿಗೆ ಹೋಲಿಸಿದರೆ ದಕ್ಷಿಣ ಭಾರತದ ಆರೋಗ್ಯವಂತರ ಸಣ್ಣಕರುಳಿನಲ್ಲೇ ಬ್ಯಾಕ್ಟೀರಿಯಾಗಳು ಹೆಚ್ಚು ಎಂಬುದು ಅವರಿಗೆ ಕಂಡಿತು. 1980ರಲ್ಲಿ ಆಲ್ಬರ್ಟ್, ಮಥನ್, ಬೇಕರ್ ನೇಚರ್ ಪತ್ರಿಕೆಯಲ್ಲಿ ಬರೆದರು: ಸಣ್ಣಕರುಳಿನಲ್ಲಿರುವ ಸ್ಯೂಡೋಮೊನಾಸ್ ಮತ್ತು ಕ್ಲೆಬ್ಸಿಯೆಲ್ಲಾ ಗುಂಪಿನ ಬ್ಯಾಕ್ಟೀರಿಯಾಗಳು ಗಣನೀಯ ಪ್ರಮಾಣದಲ್ಲಿ ಬಿ12 ತಯಾರಿಸಬಲ್ಲವು. ಅಂದರೆ ಸಂತೆಗೆ ಮುಂಚೆಯೇ!

ಓದಿ ಖುಷಿಯಾಯಿತು, ಆದರೆ ಬೀಗಲು ಹೋಗಬೇಡಿ. ಇದನ್ನು ನಂಬಿ ಇಂಜೆಕ್ಷನ್ ಬಿಡುವ ಹಾಗಿಲ್ಲ. ನಮ್ಮಲ್ಲಿ ಸಸ್ಯಾಹಾರಿಗಳಿಗೆ ಬಿ12 ಕೊರತೆ ತೀರಾ ಸಾಮಾನ್ಯ, ಅದಕ್ಕೆ ನಾನೇ ಸಾಕ್ಷಿ. ಸಣ್ಣಕರುಳಿನಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿದರೆ ಅವು ನಾವು ತಿಂದ ಬಿ12 ಅನ್ನೇ ಕಬಳಿಸುವುದೂ ಉಂಟು. ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ ಅಂತ ಜಾಹೀರಾತಿನವರು ಹೇಳುವುದು ಕೇಳಿದಾಗಲೆಲ್ಲ ನನಗೆ ಈಗ ಅನಿಸುವುದು ಇದೇ. ಯಾವ ಜಾಗದಲ್ಲಿ ಅಂತ ಹೇಳದೆ ಒಳ್ಳೆಯದು ಕೆಟ್ಟದ್ದು ಅನ್ನುವುದಕ್ಕೆ ಅರ್ಥವೇ ಇಲ್ಲ.

ವೆಲ್ಲೂರಿನದೇ ಇನ್ನೊಂದು ಕಥೆ. 2000ದಲ್ಲಿ ಬಿ. ಎಸ್. ರಾಮಕೃಷ್ಣ ಮತ್ತು ಸಂಗಡಿಗರು ಕಾಲರಾ ರೋಗಿಗಳಿಗೆ ಕೊಡುವ ಓಆರ್‌ಎಸ್ ನೀರಿಗೆ ಸಣ್ಣಕರುಳಿನಲ್ಲಿ ಜೀರ್ಣವಾಗದ ಪಿಷ್ಟ ಸೇರಿಸಿ ನೋಡಿದರು. ಆ ಪಿಷ್ಟ ದೊಡ್ಡಕರುಳಿನ ತನಕ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ, ಅವು ಮಾಡುವ ಆಮ್ಲಗಳಿಂದ ದೊಡ್ಡಕರುಳು ಉಪ್ಪು-ನೀರನ್ನು ಮರಳಿ ಹೀರಿಕೊಳ್ಳುತ್ತದೆ. ಪಿಷ್ಟ ಕೊಟ್ಟವರಿಗೆ ಭೇದಿ ಕಡಿಮೆಯಾಯಿತು, ಬೇಗ ನಿಂತಿತು. ಲೇನ್ ಕತ್ತರಿಸಿ ಬಿಸಾಡುತ್ತಿದ್ದ ಜಾಗವೇ ಇಲ್ಲಿ ಜೀವ ಹಿಡಿಯಲು ಸಹಾಯಕ್ಕೆ ಬಂತು.

ಜಾಗದ ಲೆಕ್ಕ ತಪ್ಪಿದ ಇನ್ನೆರಡು ಪ್ರಸಂಗ ಹೇಳಿ ಮುಗಿಸುತ್ತೇನೆ. ಜಠರದ ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯಾವೂ ನೆಲೆಸದು ಎಂಬ ನಂಬಿಕೆ ಗಟ್ಟಿಯಾಗಿತ್ತು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಹೆಲಿಕೋಬ್ಯಾಕ್ಟರ್ ಪೈಲೋರಿಯನ್ನು ಅಲ್ಲಿಂದಲೇ ಬೆಳೆಸಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಷ್ಟರೊಳಗೆ ಹುಣ್ಣಿಗೆ ಟೆನ್ಶನ್ನೂ ಖಾರವೂ ಕಾರಣ ಅಂತ ಹೇಳಿಸಿಕೊಂಡು ಜಠರ ಕುಯ್ಯಿಸಿಕೊಂಡವರು ಎಷ್ಟು ಜನವೋ.

ಇನ್ನೊಂದು, ನೀವೂ ಕೇಳಿರುವ ಮಾತು. ನಮ್ಮ ಮೈಯ ಜೀವಕೋಶಗಳ ಹತ್ತು ಪಟ್ಟು ಬ್ಯಾಕ್ಟೀರಿಯಾ ನಮ್ಮಲ್ಲಿವೆ ಅಂತ. ಇದರ ಮೂಲ 1972ರಲ್ಲಿ ಥಾಮಸ್ ಲಕ್ಕಿ ಮಾಡಿದ ಒಂದು ಅಂದಾಜು. ಗ್ರಾಮಿಗೆ ಹತ್ತು ಸಾವಿರ ಕೋಟಿ ಎಂಬ ಸಾಂದ್ರತೆಯನ್ನು ಆತ ಇಡೀ ಅನ್ನನಾಳ-ಕರುಳಿನ ಒಂದು ಲೀಟರಿಗೆ ಹಿಡಿದು ಗುಣಿಸಿದ. ಆದರೆ ಆ ಸಾಂದ್ರತೆ ಇರುವುದು ದೊಡ್ಡಕರುಳಿನಲ್ಲಿ ಮಾತ್ರ, ಅದರೊಳಗೆ ಹಿಡಿಸುವುದು ಸುಮಾರು 0.4 ಲೀಟರ್. 2016ರಲ್ಲಿ ಸೆಂಡರ್, ಫುಕ್ಸ್, ಮಿಲೋ ಲೆಕ್ಕ ತಿದ್ದಿದರು: ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ನಮ್ಮ ಜೀವಕೋಶ ಸುಮಾರು 30 ಲಕ್ಷ ಕೋಟಿ. ಹೆಚ್ಚುಕಮ್ಮಿ ಸಮ. ನಲವತ್ತಕ್ಕೂ ಹೆಚ್ಚು ವರ್ಷ ಎಲ್ಲರೂ ಬರೆದುಕೊಂಡು ಬಂದ ತಪ್ಪು, ನಾನೂ ಒಮ್ಮೆ ಗೆಳೆಯರ ಮುಂದೆ ಜಂಬದಿಂದ ಹೇಳಿದ್ದೆ. ಈ ಮೂಲಕ ವಾಪಸ್ ತೆಗೆದುಕೊಂಡಿದ್ದೇನೆ.

ಡಿಎನ್ಎ ಓದುವ ಕಾಲ ಬಂದ ಮೇಲೆ ಬೆಳೆಸುವ ಗೋಜೂ ತಪ್ಪಿತು. 2005ರಲ್ಲಿ ಸ್ಟ್ಯಾನ್‌ಫರ್ಡಿನ ಗುಂಪೊಂದು ಮೂವರ ದೊಡ್ಡಕರುಳಿನ ಆರಾರು ಜಾಗದ ಗೋಡೆಯಿಂದ ಮತ್ತು ಮಲದಿಂದ ಮಾದರಿ ತೆಗೆದು 395 ಬಗೆಯ ಬ್ಯಾಕ್ಟೀರಿಯಾ ಗುರುತಿಸಿತು. ಬಹುಪಾಲು ಅದುವರೆಗೆ ಯಾರೂ ಬೆಳೆಸದವು. ಗೋಡೆಯಲ್ಲಿರುವವೂ ಮಲದಲ್ಲಿರುವವೂ ಒಂದೇ ಆಗಿರಲಿಲ್ಲ. 2008ರಲ್ಲಿ ಸ್ವೀಡನ್ನಿನ ಯೋಹಾನ್‌ಸನ್, ಹಾನ್‌ಸನ್ ಮತ್ತು ಜೊತೆಯವರು ಇಲಿಯ ದೊಡ್ಡಕರುಳಿನಲ್ಲಿ ಲೋಳೆಯ ಎರಡು ಪದರ ಇರುವುದನ್ನು ತೋರಿಸಿದರು. ಹೊರಪದರದಲ್ಲಿ ಬ್ಯಾಕ್ಟೀರಿಯಾಗಳ ಜಾತ್ರೆ, ಗೋಡೆಗೆ ಅಂಟಿದ ಒಳಪದರ ಖಾಲಿ. ಉದ್ದಕ್ಕೆ ಮಾತ್ರವಲ್ಲ, ಅಡ್ಡಕ್ಕೂ ಗಡಿಗಳಿವೆ ಅಂತಾಯಿತು. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಮಲ ನೋಡಿ ಕರುಳಿನ ಒಳಗನ್ನು ಹೇಳುವುದು ಅರ್ಧ ಸತ್ಯ ಅಂತ ಎಂಡೋಸ್ಕೋಪ್ ಇಳಿಸಿ ತೋರಿಸಿದರು.

ಕೊನೆಗೆ 2023ರಲ್ಲಿ ಬಂತು ಒಂದು ಗುಳಿಗೆ. ಅಮೆರಿಕದಲ್ಲಿ 15 ಆರೋಗ್ಯವಂತರು ಅದನ್ನು ನುಂಗಿದರು. ಕರುಳಿನ ಬೇರೆ ಬೇರೆ ಕಡೆಯ ಹುಳಿಯ ಮಟ್ಟ ನೋಡಿ ಗುಳಿಗೆಯ ಹೊದಿಕೆ ಕರಗುತ್ತದೆ, ಆ ಜಾಗದ ಒಂದಿಷ್ಟು ರಸ ಹೀರಿಕೊಂಡು ಮುಚ್ಚಿಕೊಳ್ಳುತ್ತದೆ. ಉಂಡು, ತಿರುಗಾಡಿ, ಮಲಗಿದ ಮಾಮೂಲು ಮನುಷ್ಯನ ಸಣ್ಣಕರುಳಿನ ಸುದ್ದಿ ಹೀಗೆ ಸಿಕ್ಕಿತು. ಅಲ್ಲಿನ ಬ್ಯಾಕ್ಟೀರಿಯಾ, ಪಿತ್ತದ ಆಮ್ಲಗಳು ಎಲ್ಲವೂ ಮಲದಲ್ಲಿ ಕಾಣುವುದಕ್ಕಿಂತ ಬೇರೆ. ಲೇವನ್‌ಹುಕ್ ಬಿಟ್ಟುಹೋದ ಆ ನಡುಮನೆಗೆ ಯಾರಿಗೂ ರಂಧ್ರ ಕೊರೆಯದೆ ಹೋಗಿ ಬರಲು 342 ವರ್ಷ ಹಿಡಿಯಿತು.

ಈಗ ಪೇಟೆಯಲ್ಲಿ ಮಲದ ಮಾದರಿ ಕಳಿಸಿದರೆ ನಿಮ್ಮ ಹೊಟ್ಟೆಯ ಜಾತಕ ಬರೆದುಕೊಡುವವರಿದ್ದಾರೆ. ದುಡ್ಡು ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿ: ಇದು ಯಾವ ಜಾಗದ ಸುದ್ದಿ? ಅದು ಹಿತ್ತಲ ಬಾಗಿಲಿನ ಸುದ್ದಿ. ಸುಳ್ಳಲ್ಲ, ಆದರೆ ಇಡೀ ಮನೆಯದಲ್ಲ.

ನನ್ನ ಐದನೆಯ ಇಂಜೆಕ್ಷನ್ ಮೊನ್ನೆ ಮುಗಿಯಿತು. ಪಾದದ ಇರುವೆಗಳು ಒಂದೊಂದೇ ಗೂಡು ಬಿಡುತ್ತಿವೆ. ಮೆಟ್ಟಿಲು ಹತ್ತುತ್ತೇನೆ, ಇದನ್ನೂ ಒಂದೇ ಕೂರಿಗೆಯಲ್ಲಿ ಬರೆದಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಕಾಲು ಜುಮುಜುಮು, ಕಾರಣವಿಲ್ಲದ ಸುಸ್ತು ಇದ್ದರೆ ನನ್ನ ಹಾಗೆ ಸೋಮಾರಿತನ ಅಂತ ತಿಂಗಳುಗಟ್ಟಲೆ ಕೂರಬೇಡಿ, ಒಮ್ಮೆ ಪರೀಕ್ಷೆ ಮಾಡಿಸಿ. ಬಹಳ ತಡವಾದರೆ ನರಕ್ಕೆ ಆದ ಹಾನಿ ಪೂರ್ತಿ ಹಿಂದಿರುಗುವುದಿಲ್ಲವಂತೆ. ಹೊಟ್ಟೆಯೊಳಗಿನವರು ಮಾಡುತ್ತಿದ್ದಾರೆ ಅಂತ ನಂಬಿ ಕೂತರೆ, ಅವರು ಮಾಡುತ್ತಲೇ ಇರುತ್ತಾರೆ, ನಮಗೆ ಸಿಗದ ಜಾಗದಲ್ಲಿ.